ಮೇಲ್ ಸರ್ವರ್ ರೀಸ್ಟಾರ್ಟ್ ಮಾಡಲು ಸ್ಕ್ರಿಪ್ಟ್ ಏಕೆ ಬೇಕು?

ಪ್ರಶ್ನೆ: ನಮ್ಮ ಕಚೇರಿಯ ಎರಡು ಎಕ್ಸ್‌ಚೇಂಜ್ (ಮೈಕ್ರೋಸಾಫ್ಟ್‌ನ ಇಮೇಲ್ ತಂತ್ರಾಂಶ) ಸರ್ವರ್‌ಗಳು ಒಂದೇ ಡ್ಯಾಗ್‌ನಲ್ಲಿವೆ, ಅಂದರೆ ಅಂಚೆಪೆಟ್ಟಿಗೆಗಳ ಡೇಟಾಬೇಸ್‌ಗಳ ನಕಲುಗಳನ್ನು ಹಂಚಿಕೊಂಡಿರುವ ಸರ್ವರ್‌ಗಳ ಗುಂಪಿನಲ್ಲಿವೆ. ಒಂದು ನಿಂತರೆ ಇನ್ನೊಂದು ಕೆಲಸ ವಹಿಸಿಕೊಳ್ಳುತ್ತದೆ. ಹೀಗಿರುವಾಗ ಅಪ್‌ಡೇಟ್‌ಗೆ ಮುನ್ನ ಸರ್ವರನ್ನು ಕೆಲಸದಿಂದ ಕ್ರಮವಾಗಿ ಬಿಡಿಸುವ ಮೇಂಟೆನೆನ್ಸ್ ಮೋಡ್ ಸ್ಕ್ರಿಪ್ಟ್ ಓಡಿಸುವ ಗೋಜು ಏಕೆ?

ಉತ್ತರ: ವಹಿಸಿಕೊಳ್ಳುವುದು ಡೇಟಾಬೇಸ್‌ಗಳನ್ನು ಮಾತ್ರ. ರವಾನೆಗೆ ಕಾದಿರುವ ಪತ್ರಗಳು ಡ್ಯಾಗ್‌ನ ನಕಲುಗಳಲ್ಲಿ ಇರುವುದಿಲ್ಲ. ಆಯಾ ಸರ್ವರ್‌ನ ಡಿಸ್ಕ್‌ನಲ್ಲೇ ‘ಮೇಲ್.ಕ್ಯೂ’ ಎಂಬ ಕಡತದಲ್ಲಿರುತ್ತವೆ. ಸರ್ವರನ್ನು ನೇರವಾಗಿ ಆಫ್ ಮಾಡಿದರೆ ಆ ಪತ್ರಗಳು ತಡವಾಗುತ್ತವೆ. ಅದಕ್ಕೇ 2013ರ ಆವೃತ್ತಿಯಿಂದೀಚೆಗೆ ಮೊದಲ ಹೆಜ್ಜೆ, ಪತ್ರ ರವಾನಿಸುವ ‘ಹಬ್‌ಟ್ರಾನ್ಸ್‌ಪೋರ್ಟ್’ ಘಟಕವನ್ನು ‘ಡ್ರೈನಿಂಗ್’ ಸ್ಥಿತಿಗೆ ತರುವುದು. ಬ್ಯಾಂಕಿನಲ್ಲಿ ಬಾಗಿಲು ಮುಚ್ಚಿ, ಒಳಗೆ ನಿಂತವರ ಕೆಲಸ ಮುಗಿಸಿಕೊಡುವ ಹಾಗೆ. ಬಳಿಕ ಟ್ರಾನ್ಸ್‌ಪೋರ್ಟ್ ಸೇವೆಯನ್ನು ರೀಸ್ಟಾರ್ಟ್ ಮಾಡಿ, ‘ರೀಡೈರೆಕ್ಟ್-ಮೆಸೇಜ್’ ಕಮಾಂಡ್‌ನಿಂದ ಉಳಿದ ಪತ್ರಗಳನ್ನು ಇನ್ನೊಂದು ಸರ್ವರ್‌ಗೆ ದಾಟಿಸಬೇಕು. ಆ ಸರ್ವರ್‌ನ ಹೆಸರನ್ನು ಡೊಮೇನ್ ಸಮೇತ ಪೂರ್ತಿ ಕೊಡಬೇಕು.

ಡೇಟಾಬೇಸ್‌ಗಳನ್ನು ಸರಿಸಿ ಕ್ಲಸ್ಟರ್ ನೋಡ್ (ಗುಂಪಿನ ಸದಸ್ಯನಾಗಿ ಈ ಸರ್ವರ್) ತಡೆಹಿಡಿಯಲು ಎಕ್ಸ್‌ಚೇಂಜ್ ಜೊತೆಗೇ ಬರುವ ‘ಸ್ಟಾರ್ಟ್‌ಡ್ಯಾಗ್‌ಸರ್ವರ್‌ಮೇಂಟೆನೆನ್ಸ್’ ಸ್ಕ್ರಿಪ್ಟ್ ಸಾಕು. ಕೊನೆಗೆ ಇಡೀ ಸರ್ವರ್‌ಗೆ ಅನ್ವಯಿಸುವ ‘ಸರ್ವರ್‌ವೈಡ್‌ಆಫ್‌ಲೈನ್’ ಘಟಕವನ್ನು ‘ಇನ್‌ಆಕ್ಟಿವ್’ ಮಾಡಿದರೆ ಮುಗಿಯಿತು.

ಮನೆಯಲ್ಲೇ ಬರೆದ ಸ್ಕ್ರಿಪ್ಟ್‌ಗಳು ಸಾಮಾನ್ಯವಾಗಿ ಎಡವುವುದು ಕಾಯುವ ವಿಷಯದಲ್ಲಿ. ಕಮಾಂಡ್‌ಗಳನ್ನು ಒಂದರ ಹಿಂದೊಂದು ಸುರಿದು ‘ಸಿದ್ಧ’ ಎಂದು ಹಸಿರು ಅಕ್ಷರದಲ್ಲಿ ತೋರಿಸುವುದು ಸುಲಭ. ಆದರೆ ಇನ್ನೊಂದು ಕಡೆಯ ನಕಲು ಆರೋಗ್ಯವಾಗಿಲ್ಲದಿದ್ದರೆ ಡೇಟಾಬೇಸ್ ಜಾಗ ಬಿಟ್ಟು ಕದಲುವುದಿಲ್ಲ. ಕ್ಯೂ (ರವಾನೆಯ ಸಾಲು) ಖಾಲಿಯಾಯಿತೇ, ಈ ಸರ್ವರ್‌ನಲ್ಲಿ ಒಂದೂ ಡೇಟಾಬೇಸ್ ‘ಮೌಂಟೆಡ್’ (ಚಾಲ್ತಿಯಲ್ಲಿ) ಆಗಿಲ್ಲವೇ ಎಂದು ಸ್ಕ್ರಿಪ್ಟ್ ತಾನೇ ಮತ್ತೆ ಮತ್ತೆ ನೋಡಬೇಕು. ಇಲ್ಲವಾದರೆ ಅಲ್ಲೇ ನಿಲ್ಲಬೇಕು. ಶ್ಯಾಡೋ ಕ್ಯೂ (ಪತ್ರಗಳ ಮುನ್ನೆಚ್ಚರಿಕೆಯ ಪ್ರತಿಗಳು) ಮತ್ತು ಪಾಯ್ಸನ್ ಕ್ಯೂ (ಸೇವೆಗೆ ಹಾನಿ ಮಾಡಬಹುದೆಂದು ಬೇರೆ ಇಟ್ಟ ಪತ್ರಗಳು) ಇವುಗಳನ್ನು ಮಾತ್ರ ಈ ಲೆಕ್ಕದಿಂದ ಬಿಡಿ. ಅವು ರೀಡೈರೆಕ್ಟ್ ಆಗುವುದಿಲ್ಲ, ಅವುಗಳನ್ನು ಕಾಯುತ್ತ ಕುಳಿತರೆ ಬೆಳಗಾಗುತ್ತದೆ.

ಇನ್ನು ಮೇಂಟೆನೆನ್ಸ್ ಮೋಡ್‌ನಿಂದ ಹೊರಬರುವ ದಾರಿ. ಘಟಕಗಳ ಸ್ಥಿತಿ ಬದಲಿಸುವಾಗ ‘ರಿಕ್ವೆಸ್ಟರ್’ (ಯಾರು ಕೇಳಿದರು) ಎಂಬ ಹೆಸರೊಂದನ್ನು ಕೊಡುತ್ತೇವೆ, ಇಲ್ಲಿ ‘ಮೇಂಟೆನೆನ್ಸ್’. ಯಾವ ಹೆಸರಿನಲ್ಲಿ ನಿಲ್ಲಿಸಿದೆವೋ ಅದೇ ಹೆಸರಿನಲ್ಲಿ ಎಬ್ಬಿಸಬೇಕು. ಎರಡು ಹೆಸರುಗಳಲ್ಲಿ ನಿಲ್ಲಿಸಿದ್ದರೆ ಎರಡರಲ್ಲೂ ಬಿಡುಗಡೆ ಸಿಗುವವರೆಗೆ ಘಟಕ ಏಳುವುದಿಲ್ಲ. ಅಪ್‌ಡೇಟ್ ಕಾರ್ಯಕ್ರಮವೂ ‘ಫಂಕ್ಷನಲ್’ ಎಂಬ ಹೆಸರಿನಲ್ಲಿ ಘಟಕಗಳನ್ನು ನಿಲ್ಲಿಸುತ್ತದೆ. ಅದು ಅರ್ಧಕ್ಕೆ ಮುಗ್ಗರಿಸಿದರೆ ನಿಮ್ಮ ಸ್ಕ್ರಿಪ್ಟ್ ಎಷ್ಟು ಸಲ ‘ಆಕ್ಟಿವ್’ ಎಂದರೂ ಸರ್ವರ್ ಮಿಸುಕುವುದಿಲ್ಲ. ‘ಫಂಕ್ಷನಲ್’ ಹೆಸರಿನಲ್ಲೂ ಒಮ್ಮೆ ಹೇಳಬೇಕು.

ವಾಪಸು ತರುವಾಗ ಹೆಜ್ಜೆಗಳ ಕ್ರಮ ತಿರುಗುಮುರುಗು, ನಡುವಿನ ಭಾಗಕ್ಕೆ ‘ಸ್ಟಾಪ್‌ಡ್ಯಾಗ್‌ಸರ್ವರ್‌ಮೇಂಟೆನೆನ್ಸ್’ ಇದೆ. ಸರಿದು ಹೋದ ಡೇಟಾಬೇಸ್‌ಗಳು ಅದರಿಂದ ಮರಳುವುದಿಲ್ಲ. ಅವುಗಳನ್ನು ಮತ್ತೆ ಹಂಚಲು ಈ ಸ್ಕ್ರಿಪ್ಟ್‌ಗಳಿರುವ ಫೋಲ್ಡರ್‌ನಲ್ಲೇ ಇರುವ ‘ರೀಡಿಸ್ಟ್ರಿಬ್ಯೂಟ್‌ಆಕ್ಟಿವ್‌ಡೇಟಾಬೇಸಸ್’ ಓಡಿಸಿ.