ತಳ್ಳುವವರಿಲ್ಲದೆ ಓಡುವುದು ಹೇಗೆ? ಎರಡು ಸಾವಿರ ವರ್ಷ ಕಾಡಿದ ಪ್ರಶ್ನೆ

ಮೇಜಿನ ಮೇಲಿನ ಪುಸ್ತಕವನ್ನು ತಳ್ಳಿದರೆ ಜರುಗುತ್ತದೆ. ಕೈ ತೆಗೆದರೆ ನಿಂತುಬಿಡುತ್ತದೆ. ಇದನ್ನು ದಿನಾ ನೋಡುವವರಿಗೆ ಏನನ್ನಿಸುತ್ತದೆ? ವಸ್ತು ಚಲಿಸುತ್ತಿರಬೇಕಾದರೆ ಯಾರಾದರೂ ತಳ್ಳುತ್ತಲೇ ಇರಬೇಕು. ಸರಿಯಾಗೇ ಕಾಣುತ್ತದೆ, ಅಲ್ವಾ? ಆದರೆ ಇದು ತಪ್ಪು ಎಂದು ನ್ಯೂಟನ್ನನ ಮೊದಲ ನಿಯಮ ಹೇಳುತ್ತದೆ. ಆ ನಿಯಮವನ್ನು ಮಕ್ಕಳು ಎರಡು ಸಾಲಿನಲ್ಲಿ ಬಾಯಿಪಾಠ ಮಾಡುತ್ತಾರೆ. ಅಲ್ಲಿಗೆ ತಲುಪಲು ಮನುಷ್ಯರಿಗೆ ಸುಮಾರು ಎರಡು ಸಾವಿರ ವರ್ಷ ಬೇಕಾಯಿತು. ಇದನ್ನೂ ಪಾಠದ ಜೊತೆಗೇ ಹೇಳಬೇಕು. ಇಲ್ಲದಿದ್ದರೆ ಪಾಠ ತಲೆಗೆ ಹತ್ತದ ಮಗು ತಾನೇ ದಡ್ಡ ಎಂದುಕೊಳ್ಳುತ್ತದೆ.

ಕ್ರಿ.ಪೂ. 4ನೇ ಶತಮಾನದ ಗ್ರೀಕ್ ಚಿಂತಕ ಅರಿಸ್ಟಾಟಲ್ ಕೂಡ ಹೀಗೇ ಯೋಚಿಸಿದ್ದ. ಕಲ್ಲು ಕೆಳಕ್ಕೆ ಬೀಳುವುದು ಅದರ ಸಹಜ ಗುಣ. ಬೇರೆ ಯಾವ ದಿಕ್ಕಿಗೆ ಹೋಗಬೇಕಾದರೂ ಅದನ್ನು ತಳ್ಳುವವರು ಬೇಕು. ಹಾಗಾದರೆ ಎಸೆದ ಕಲ್ಲು ಕೈ ಬಿಟ್ಟ ಮೇಲೂ ಮುಂದೆ ಹೋಗುತ್ತದಲ್ಲ, ಅದನ್ನು ತಳ್ಳುವವರು ಯಾರು? ಸುತ್ತಲಿನ ಗಾಳಿ ಎಂದ ಅರಿಸ್ಟಾಟಲ್. ಅವನ ವಿಚಾರದ ತೀರಾ ದುರ್ಬಲ ಜಾಗ ಇದೇ. ಮುಂದೆ ಬಂದವರು ಕೈ ಹಾಕಿದ್ದೂ ಇಲ್ಲಿಗೇ.

6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಚಿಂತಕ ಫಿಲೊಪೊನಸ್ ಇದನ್ನು ಒಪ್ಪಲಿಲ್ಲ. ಎಸೆಯುವ ಕೈ ಕಲ್ಲಿನೊಳಗೇ ಏನೋ ಒಂದು ಶಕ್ತಿಯನ್ನು ತುಂಬಿ ಕಳಿಸುತ್ತದೆ ಎಂದ. 11ನೇ ಶತಮಾನದ ಪರ್ಷಿಯಾದ ವಿದ್ವಾಂಸ ಇಬ್ನ್ ಸಿನಾ ಇನ್ನೂ ಮುಂದೆ ಹೋದ. ಅಡ್ಡಿಯೇ ಇಲ್ಲದ ಖಾಲಿ ಜಾಗದಲ್ಲಿ ಹೀಗೆ ತುಂಬಿದ್ದು ಕರಗುವುದೇ ಇಲ್ಲ ಎಂಬುದು ಅವನ ವಾದ.

14ನೇ ಶತಮಾನದಲ್ಲಿ ಪ್ಯಾರಿಸ್‌ನ ಚಿಂತಕ ಬುರಿಡಾನ್ ಕೊಟ್ಟ ಉದಾಹರಣೆಗಳು ಬಹಳ ಚೆನ್ನಾಗಿವೆ. ಸಾಣೆಕಲ್ಲನ್ನು ತಿರುಗಿಸಿ ಕೈ ಬಿಡಿ. ಇದ್ದ ಜಾಗದಲ್ಲೇ ಅದು ಎಷ್ಟೋ ಹೊತ್ತು ಸುತ್ತುತ್ತದೆ. ಗಾಳಿ ಅದರ ಹಿಂದೆ ಹೋಗಿ ತಳ್ಳುವುದಾದರೂ ಹೇಗೆ? ಈಟಿಯ ಹಿಂತುದಿಯನ್ನೂ ಚೂಪು ಮಾಡಿ ಎಸೆಯಿರಿ. ಗಾಳಿಗೆ ತಳ್ಳಲು ಅಲ್ಲಿ ಜಾಗವೇ ಇಲ್ಲ, ಆದರೂ ಈಟಿ ಹೋಗುತ್ತದೆ. ಒಳಗೆ ತುಂಬಿಕೊಂಡ ಈ ಓಟವನ್ನು ಬುರಿಡಾನ್ ಇಂಪೆಟಸ್ ಎಂದು ಕರೆದ. ವಸ್ತುವಿನಲ್ಲಿರುವ ದ್ರವ್ಯ ಜಾಸ್ತಿಯಾದಷ್ಟೂ, ವೇಗ ಜಾಸ್ತಿಯಾದಷ್ಟೂ ಇಂಪೆಟಸ್ ಜಾಸ್ತಿ. ಇಂದು ನಾವು ಸಂವೇಗ ಎನ್ನುವುದಕ್ಕೆ, ಅಂದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ್ದಕ್ಕೆ, ಇದು ತುಂಬ ಹತ್ತಿರ. ಆದರೂ ಓಡಿಸಲು ಒಳಗೊಂದು ಕಾರಣ ಬೇಕೇ ಬೇಕು ಎಂಬ ಹಳೆಯ ನಂಬಿಕೆ ಹೋಗಿರಲಿಲ್ಲ.

ಭಾರದ ವಸ್ತು ಬೇಗ ಬೀಳುತ್ತದೆ ಎಂಬ ಅರಿಸ್ಟಾಟಲನ ಮಾತಿಗೂ ಪೆಟ್ಟು ಬಿತ್ತು. 1586ರಲ್ಲಿ ಗಣಿತಜ್ಞ ಸೈಮನ್ ಸ್ಟೆವಿನ್ ಎರಡು ಸೀಸದ ಗುಂಡುಗಳನ್ನು 30 ಅಡಿ ಎತ್ತರದಿಂದ ಬಿಟ್ಟ ಪ್ರಯೋಗವನ್ನು ಪ್ರಕಟಿಸಿದ. ಒಂದು ಗುಂಡು ಇನ್ನೊಂದಕ್ಕಿಂತ 10 ಪಟ್ಟು ಭಾರ. ಎರಡೂ ಬಿದ್ದ ಸದ್ದು ಒಂದೇ ಸದ್ದಿನಂತೆ ಕೇಳಿತು. ಪೀಸಾ ಗೋಪುರದಿಂದ ಇಟಲಿಯ ವಿಜ್ಞಾನಿ ಗೆಲಿಲಿಯೊ ಗುಂಡು ಬಿಟ್ಟ ಕತೆ ಜಾಸ್ತಿ ಪ್ರಸಿದ್ಧ. ಆದರೆ ಅದು ನಡೆದದ್ದೇ ಅನುಮಾನ ಎಂದು ಇತಿಹಾಸಕಾರರು ಹೇಳುತ್ತಾರೆ.

ಗೆಲಿಲಿಯೊ ಮಾಡಿದ ದೊಡ್ಡ ಕೆಲಸ ಬೇರೆಯೇ ಇದೆ. ಬೀಳುವ ವಸ್ತುವಿನ ವೇಗ ಅಳೆಯಲು ಆಗ ತಕ್ಕ ಗಡಿಯಾರ ಇರಲಿಲ್ಲ. ಅದಕ್ಕೆ ಅವನು ಗುಂಡನ್ನು ಇಳಿಜಾರಿನಲ್ಲಿ ಉರುಳಿಸಿ ಬೀಳುವಿಕೆಯನ್ನೇ ನಿಧಾನ ಮಾಡಿದ. ಪಾತ್ರೆಯಿಂದ ಸಣ್ಣಗೆ ಹರಿದ ನೀರನ್ನು ತೂಗಿ ಸಮಯ ಲೆಕ್ಕ ಹಾಕಿದ. ಸಮಯ ಎರಡರಷ್ಟಾದರೆ ಗುಂಡು ಸಾಗಿದ ದೂರ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಇದು 1638ರಲ್ಲಿ ಅಚ್ಚಾಯಿತು.

ಅದಕ್ಕೂ ಮೊದಲೇ, 1632ರಲ್ಲಿ, ಅವನು ಇನ್ನೊಂದು ಪ್ರಶ್ನೆ ಎತ್ತಿದ್ದ. ಇಳಿಜಾರಿನಲ್ಲಿ ಗುಂಡಿನ ವೇಗ ಏರುತ್ತದೆ. ಏರಿನಲ್ಲಿ ವೇಗ ಇಳಿಯುತ್ತದೆ. ಏರೂ ಅಲ್ಲದ, ಇಳಿಜಾರೂ ಅಲ್ಲದ ನುಣುಪಾದ ನೆಲದಲ್ಲಿ? ವೇಗ ಏರಲೂ ಕಾರಣವಿಲ್ಲ, ಇಳಿಯಲೂ ಕಾರಣವಿಲ್ಲ. ಅಂದರೆ ಗುಂಡು ಹೋಗುತ್ತಲೇ ಇರಬೇಕು! ನನಗೆ ಇಡೀ ಕತೆಯಲ್ಲಿ ಅತಿ ಇಷ್ಟವಾದ ಜಾಗ ಇದು. ಚಲನೆ ಯಾಕೆ ಮುಂದುವರಿಯುತ್ತದೆ ಎಂಬ ಪ್ರಶ್ನೆ ಬಿದ್ದುಹೋಗಿ, ಯಾಕೆ ನಿಲ್ಲುತ್ತದೆ ಎಂಬ ಪ್ರಶ್ನೆ ಎದ್ದು ನಿಂತಿತು. ಹೀಗೆ ಮುಂದುವರಿಯುವ ಓಟ ನೇರ ಗೆರೆಯಲ್ಲಿರುತ್ತದೆ ಎಂದು 1644ರಲ್ಲಿ ಫ್ರಾನ್ಸಿನ ಚಿಂತಕ ದೆಕಾರ್ತ್ ಸ್ಪಷ್ಟಪಡಿಸಿದ.

1687ರಲ್ಲಿ ನ್ಯೂಟನ್ ಇದನ್ನೆಲ್ಲ ಮೂರು ನಿಯಮಗಳಲ್ಲಿ ಕಟ್ಟಿಕೊಟ್ಟ. ಬಲ ಬೇಕಾಗುವುದು ವಸ್ತುವನ್ನು ಓಡಿಸುತ್ತಾ ಇರಲು ಅಲ್ಲ. ಅದರ ವೇಗವನ್ನೋ ದಿಕ್ಕನ್ನೋ ಬದಲಿಸಲು. ಪುಸ್ತಕ ನಿಂತದ್ದು ಬಲ ಇಲ್ಲದ್ದರಿಂದ ಅಲ್ಲ, ಮೇಜಿನ ಘರ್ಷಣೆ ಎಂಬ ಬಲ ಇದ್ದದ್ದರಿಂದ. ಕಣ್ಣಿಗೆ ಕಾಣದ ಈ ಘರ್ಷಣೆಯೇ ಅಷ್ಟು ಕಾಲ ಎಲ್ಲರನ್ನೂ ದಾರಿ ತಪ್ಪಿಸಿತ್ತು. ಘರ್ಷಣೆ ಇಲ್ಲದ ಕಡೆ ಏನಾಗುತ್ತದೆ? 1977ರಲ್ಲಿ ಹಾರಿಸಿದ ವಾಯೇಜರ್ 1 ಬಾಹ್ಯಾಕಾಶ ನೌಕೆಯನ್ನು ಈಗ ಯಾವ ಎಂಜಿನ್ನೂ ಮುಂದಕ್ಕೆ ತಳ್ಳುತ್ತಿಲ್ಲ. ಸೂರ್ಯನ ಸೆಳೆತ ಅದನ್ನು ಚೂರು ಚೂರೇ ನಿಧಾನ ಮಾಡುತ್ತಿದೆ, ಅಷ್ಟೇ. ಆದರೂ ಅದು ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಹೋಗುತ್ತಲೇ ಇದೆ.

ಇಷ್ಟಾದರೂ ಹಳೆಯ ಯೋಚನೆ ನಮ್ಮ ತಲೆಯಿಂದ ಹೋಗಿಲ್ಲ. 1982ರಲ್ಲಿ ಅಮೆರಿಕದ ಸಂಶೋಧಕ ಜಾನ್ ಕ್ಲೆಮೆಂಟ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೇಳಿದ ಒಂದು ಪ್ರಶ್ನೆಯ ಬಗ್ಗೆ ಬರೆದರು. ಮೇಲಕ್ಕೆ ಚಿಮ್ಮಿದ ನಾಣ್ಯ ಇನ್ನೂ ಏರುತ್ತಿರುವಾಗ ಅದರ ಮೇಲೆ ಯಾವ ಯಾವ ಬಲಗಳಿವೆ? ಹೆಚ್ಚಿನವರು ಮೇಲ್ಮುಖವಾಗಿ ಒಂದು ಬಾಣ ಎಳೆದು, ಕೈ ಕೊಟ್ಟ ಬಲ ಎಂದರು. ಬುರಿಡಾನ್ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ! ಗಾಳಿಯ ತಡೆಯನ್ನು ಬಿಟ್ಟರೆ ನಾಣ್ಯದ ಮೇಲೆ ಇರುವುದು ಕೆಳಕ್ಕೆ ಎಳೆಯುವ ಗುರುತ್ವ ಬಲ ಒಂದೇ. ತುತ್ತತುದಿಯಲ್ಲಿ ಅರೆಗಳಿಗೆ ವೇಗ ಸೊನ್ನೆಯಾದಾಗಲೂ ಆ ಎಳೆತ ಅಷ್ಟೇ ಇರುತ್ತದೆ.

ಇಂಥ ಅಧ್ಯಯನಗಳ ಬೆನ್ನಿಗೆ 1992ರಲ್ಲಿ ಅಮೆರಿಕದ ಭೌತವಿಜ್ಞಾನಿ ಡೇವಿಡ್ ಹೆಸ್ಟೆನಿಸ್ ಮತ್ತು ಜೊತೆಗಾರರು ಬಲದ ಕಲ್ಪನೆಯನ್ನೇ ಪರೀಕ್ಷಿಸುವ ಒಂದು ಪ್ರಶ್ನೆಪತ್ರಿಕೆ ರೂಪಿಸಿದರು. ಅದರಲ್ಲಿ ಲೆಕ್ಕ ಮಾಡುವ ಪ್ರಶ್ನೆಗಳೇ ಇಲ್ಲ. ಆಯ್ಕೆಗಳಲ್ಲಿರುವ ತಪ್ಪು ಉತ್ತರಗಳನ್ನೂ ಸುಮ್ನೆ ತುಂಬಿಸಿಲ್ಲ. ಜನ ಸಹಜವಾಗಿ ಯೋಚಿಸುವ ರೀತಿಗಳನ್ನೇ ಅಲ್ಲಿ ಇಟ್ಟಿದ್ದಾರೆ. ಹಾಗಾಗಿ ವಿದ್ಯಾರ್ಥಿ ಯಾವ ತಪ್ಪು ಉತ್ತರ ಆರಿಸಿಕೊಂಡ ಎಂದು ನೋಡಿದರೆ ಸಾಕು, ಅವನು ಎಲ್ಲಿ ಸಿಕ್ಕಿಕೊಂಡಿದ್ದಾನೆ ಎಂದು ಶಿಕ್ಷಕರಿಗೆ ಗೊತ್ತಾಗುತ್ತದೆ.