ಕುಂಬಳಕಾಯಿಯ ಹುಳಿ ನೀರಾಗುವುದೇಕೆ?

ಓದುಗರ ಪ್ರಶ್ನೆ: ನವರಾತ್ರಿಯಿಂದ ದೀಪಾವಳಿಯವರೆಗೆ ಮಾರುಕಟ್ಟೆಯಲ್ಲಿ ಬೂದುಗುಂಬಳ, ಸಿಹಿಗುಂಬಳ, ಹೀರೆಕಾಯಿ, ಪಡವಲಕಾಯಿಗಳೇ ಹೆಚ್ಚಾಗಿ ಕಾಣುತ್ತವೆ. ರಾತ್ರಿಯ ಊಟಕ್ಕೆ ಇವುಗಳಿಂದ ಏನು ಮಾಡಿದರೂ ಹುಳಿ ನೀರುನೀರಾಗುತ್ತದೆ, ಪಲ್ಯ ಕಲಸಿದಂತಾಗುತ್ತದೆ, ರುಚಿಯೂ ಸಪ್ಪೆ. ತಪ್ಪು ಎಲ್ಲಿ ಆಗುತ್ತಿದೆ?

ಉತ್ತರ: ಬಹುಪಾಲು ಅಡುಗೆಮನೆಗಳಲ್ಲಿ ಈ ತಪ್ಪಾಗುವುದು ಒಲೆ ಹಚ್ಚಿದ ಮೊದಲ ನಿಮಿಷದಲ್ಲೇ, ಹೋಳುಗಳ ಮೇಲೆ ಒಂದು ಚೊಂಬು ನೀರು ಸುರಿಯುವಾಗ. ಬೀನ್ಸ್, ಕ್ಯಾರೆಟ್, ಆಲೂಗಡ್ಡೆಗಳನ್ನು ಬೇಯಿಸಿ ರೂಢಿಯಾದ ಕೈ ಕುಂಬಳಕ್ಕೂ ಅಷ್ಟೇ ನೀರನ್ನು ಸುರಿದುಬಿಡುತ್ತದೆ. ಬೂದುಗುಂಬಳದ ತೂಕದಲ್ಲಿ ಶೇಕಡಾ 96ರಷ್ಟು ನೀರೇ ಇರುತ್ತದೆ. ಅಂದರೆ ಹೆಚ್ಚಿಟ್ಟ ಅರ್ಧ ಕಿಲೋ ಹೋಳಿನಲ್ಲಿ 480 ಗ್ರಾಂನಷ್ಟು ನೀರು ಆಗಲೇ ಇದೆ. ಹೀರೆಕಾಯಿ, ಪಡವಲಕಾಯಿಗಳೂ ಇದಕ್ಕೆ ಹೆಚ್ಚು ಹಿಂದಿಲ್ಲ. ಸಿಹಿಗುಂಬಳ ಕೊಂಚ ಗಟ್ಟಿ ಜಾತಿಯದಾದರೂ ಅದರಲ್ಲೂ ಶೇಕಡಾ 90ಕ್ಕಿಂತ ಹೆಚ್ಚು ನೀರಿರುತ್ತದೆ.

ಈ ಕಾಯಿಗಳು ಈ ಹೊತ್ತಿಗೇ ರಾಶಿಬೀಳುವುದಕ್ಕೆ ಕಾರಣವಿದೆ. ಮುಂಗಾರಿನ ಮೊದಲ ಮಳೆಗೆ ಬೇಲಿಯ ಬದಿಯಲ್ಲೋ ತಿಪ್ಪೆಯ ಪಕ್ಕದಲ್ಲೋ ಊರಿದ ಕುಂಬಳದ ಬೀಜ ಬಳ್ಳಿಯಾಗಿ ಹಬ್ಬಿ, ಬಲಿತ ಕಾಯಿ ಕೊಡಲು ಮೂರೂವರೆಯಿಂದ ನಾಲ್ಕು ತಿಂಗಳು ಹಿಡಿಯುತ್ತದೆ. ಆ ಲೆಕ್ಕಕ್ಕೆ ಕೊಯ್ಲು ಆಶ್ವಯುಜದ ಸುಮಾರಿಗೇ ಬಂದು ನಿಲ್ಲುತ್ತದೆ. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯ ಹಿಂದಿನ ರಾತ್ರಿಯಿಡೀ ಹೆಂಗಸರು ಎಚ್ಚರವಿದ್ದು, ಗದ್ದೆಗೆ ಬಡಿಸಲು ಹತ್ತಾರು ಬಗೆಯ ಸೊಪ್ಪು ತರಕಾರಿಗಳನ್ನು ಬೇಯಿಸುವ ವಾಡಿಕೆಯಲ್ಲಿ ಬೇಲಿಯ ಮೇಲಿನ ಹೀರೆಕಾಯಿಗೂ ಪಾಲಿರುವುದು ಈ ಕಾರಣದಿಂದಲೇ. ಆಯುಧಪೂಜೆಯ ಮರುದಿನ ರಸ್ತೆಯಲ್ಲಿ ಒಡೆದು ಬಿದ್ದ ಬೂದುಗುಂಬಳಗಳನ್ನು ನೋಡಿದಾಗ, ಎಷ್ಟು ಮನೆಗಳ ಮಜ್ಜಿಗೆಹುಳಿ ಹೀಗೆ ಚಕ್ರದಡಿ ಹೋಯಿತಲ್ಲ ಎಂದು ನನಗಂತೂ ಅನ್ನಿಸುತ್ತದೆ; ಅದು ಬೇರೆಯ ಮಾತು.

ಒಲೆಯ ಮೇಲೆ ಆಗುವುದೇನೆಂದು ತಿಳಿದರೆ ಅರ್ಧ ಸಮಸ್ಯೆ ತೀರುತ್ತದೆ. ತರಕಾರಿಯ ನೀರು ಅದರ ಜೀವಕೋಶಗಳೊಳಗೆ ತೆಳುವಾದ ಪೊರೆಯ ಹಿಂದೆ ನಿಂತಿರುತ್ತದೆ. ಬಿಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ತಲುಪುವಷ್ಟರಲ್ಲಿ ಆ ಪೊರೆ ಸಡಿಲಗೊಂಡು ನೀರು ಹೊರಗೆ ಒಸರತೊಡಗುತ್ತದೆ. ಹೊರಬಂದ ನೀರು ಆವಿಯಾಗಿ ಹೋಗಬೇಕು, ಇಲ್ಲವೇ ಅದೇ ಸಾರಾಗಬೇಕು. ಕುಕ್ಕರಿನಲ್ಲಿ ಈ ಎರಡೂ ಸರಿಯಾಗಿ ಆಗುವುದಿಲ್ಲ: ಆವಿ ಹೊರಹೋಗುವುದು ಅತ್ಯಲ್ಪ, ಬೇಳೆಗೆಂದು ಹಾಕಿದ ನೀರಿನ ಜೊತೆಗೆ ಕುಂಬಳದ ನೀರೂ ಸೇರಿಕೊಳ್ಳುತ್ತದೆ, ಮೂರು ವಿಶಲ್ ಆಗುವಷ್ಟರಲ್ಲಿ ಹೋಳುಗಳು ಕರಗಿಹೋಗಿರುತ್ತವೆ. ಆದ್ದರಿಂದ ತೊಗರಿಬೇಳೆಯನ್ನು ಮಾತ್ರ ಕುಕ್ಕರಿಗಿಟ್ಟು, ಹೋಳುಗಳನ್ನು ದಪ್ಪ ತಳದ ಪಾತ್ರೆಯಲ್ಲಿ ಬೇರೆಯಾಗಿಯೇ ಬೇಯಿಸುವುದು ಸರಿಯಾದ ಕ್ರಮ. ಒಂದು ಪಾತ್ರೆ ಹೆಚ್ಚು ತೊಳೆಯಬೇಕಾಗುತ್ತದೆ ಎಂಬುದನ್ನು ಒಪ್ಪುತ್ತೇನೆ.

ಹುಳಿಗಾದರೆ ಹೋಳುಗಳಿಗೆ ಮೊದಲೇ ಉಪ್ಪು, ಚಿಟಿಕೆ ಅರಿಸಿನ ಹಾಕಿ ಕಲಸಿ, ತಳ ಹಿಡಿಯದಿರಲೆಂದು ನಾಲ್ಕೈದು ಚಮಚ ನೀರು ಮಾತ್ರ ಚಿಮುಕಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿಡಬೇಕು. ಐದು ನಿಮಿಷದ ನಂತರ ಮುಚ್ಚಳ ತೆಗೆದು ನೋಡಿದರೆ, ಬಿಳಿಯಾಗಿದ್ದ ಹೋಳುಗಳ ಅಂಚು ಗಾಜಿನಂತೆ ಪಾರದರ್ಶಕವಾಗಿ, ತಳದಲ್ಲಿ ತಿಳಿಯಾದ ನೀರು ನಿಂತಿರುತ್ತದೆ. ಆ ನೀರನ್ನು ಚೆಲ್ಲಬೇಡಿ. ಕುಂಬಳದ ನವಿರಾದ ಸಿಹಿಯೆಲ್ಲ ಅದರಲ್ಲಿಯೇ ಇರುತ್ತದೆ. ಬೆಂದ ಬೇಳೆಯನ್ನೂ ರುಬ್ಬಿದ ಮಸಾಲೆಯನ್ನೂ ಕದಡಲು ಅದೇ ಸಾಕಾಗುತ್ತದೆ. ಮೊದಲು ಹಾಕಿದ ಉಪ್ಪಿನಿಂದ ಇನ್ನೊಂದು ಉಪಕಾರವೂ ಆಗುತ್ತದೆ. ನೀರಿನ ತರಕಾರಿಗೆ ಕೊನೆಯಲ್ಲಿ ಉಪ್ಪು ಹಾಕಿದರೆ ಅದು ಸಾರಿನಲ್ಲಿ ಉಳಿದು ಹೋಳಿನೊಳಗೆ ಇಳಿಯುವುದಿಲ್ಲ. ಸಪ್ಪೆ ಎನ್ನಿಸುವುದಕ್ಕೆ ಬಹಳ ಸಲ ಇದೇ ಕಾರಣ.

ಹುಣಸೆಹಣ್ಣಿನ ರಸವನ್ನು ಮಾತ್ರ ಆತುರಪಟ್ಟು ಹಾಕಬಾರದು. ತರಕಾರಿಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ಪೆಕ್ಟಿನ್ ಹುಳಿಯ ಸಂಗದಲ್ಲಿ ಬೇಗ ಕರಗುವುದಿಲ್ಲವಾದ್ದರಿಂದ, ಅರೆಬೆಂದ ಹೋಳಿಗೆ ಹುಣಸೆರಸ ಬಿದ್ದರೆ ಮತ್ತೆ ಎಷ್ಟು ಕುದಿಸಿದರೂ ನಡುವೆ ಗಟ್ಟಿ ಉಳಿಯುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಕೂಡ ಇಂಥದೇ ತೊಂದರೆ ಕೊಡುತ್ತದೆ. ಆಗ್ರಾದ ಪೇಠಾ ಮಾಡುವವರು ಬೂದುಗುಂಬಳದ ತುಂಡುಗಳನ್ನು ಸುಣ್ಣದ ನೀರಿನಲ್ಲಿ ನೆನೆಸುವುದು ಇದೇ ಗುಣವನ್ನು ಬೇಕೆಂದೇ ಬಳಸಿಕೊಳ್ಳುವುದಕ್ಕೆ. ಸಕ್ಕರೆ ಪಾಕದಲ್ಲಿ ಕುದಿದರೂ ಆ ತುಂಡು ಆಕಾರಗೆಡುವುದಿಲ್ಲ. ನಮ್ಮ ಹುಳಿಗೆ ಆ ಗಟ್ಟಿತನ ಬೇಡ. ಹೋಳು ಚಮಚದ ಅಂಚಿಗೆ ಸಲೀಸಾಗಿ ತುಂಡಾಗುವಂತಾದ ಮೇಲೆಯೇ ಹುಣಸೆರಸ ಸೇರಿಸಿ, ಹಸಿವಾಸನೆ ಹೋಗುವವರೆಗೆ ಕುದಿಸಿದರಾಯಿತು. ಇಷ್ಟಾಗಿಯೂ ಹುಳಿ ತೆಳುವೆನಿಸಿದರೆ ಅಕ್ಕಿಹಿಟ್ಟು ಕದಡಿ ಸುರಿಯುವ ಅಭ್ಯಾಸ ಹಲವರಿಗಿದೆ. ನನಗದು ಒಗ್ಗುವುದಿಲ್ಲ, ಏಕೆಂದರೆ ಆರಿದ ಮೇಲೆ ಹುಳಿ ಅಂಟಿನಂತಾಗುತ್ತದೆ. ಒಂದು ಹಿಡಿ ಬೆಂದ ಹೋಳನ್ನು ಸೌಟಿನ ಬೆನ್ನಿನಿಂದ ಮಸೆದು ಬೆರೆಸಿದರೆ ಅದಕ್ಕಿಂತ ಚೆನ್ನಾಗಿ ಮಂದವಾಗುತ್ತದೆ.

ರಾತ್ರಿಯ ಊಟಕ್ಕೆ ಈ ಕಾಲದಲ್ಲಿ ನನ್ನ ಮೊದಲ ಆಯ್ಕೆ ಬೂದುಗುಂಬಳದ ಮಜ್ಜಿಗೆಹುಳಿ. ಹಗಲು ಬಿಸಿಲು ಚುರುಕಾಗಿದ್ದು ರಾತ್ರಿ ತಂಪಾಗುವ ದಿನಗಳಿಗೆ ಅದು ಹದವಾಗಿ ಒಪ್ಪುತ್ತದೆ. ನಾಲ್ಕು ಜನಕ್ಕೆ ಅರ್ಧ ಕಿಲೋ ಹೋಳು ಸಾಕು. ಎರಡು ಚಮಚ ಕಡಲೆಬೇಳೆಯನ್ನು ಒಂದು ಗಂಟೆ ನೆನೆಸಿ, ಅರ್ಧ ಬಟ್ಟಲು ಕಾಯಿತುರಿ, ನಾಲ್ಕು ಹಸಿಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಚೂರು ಶುಂಠಿ, ಸ್ವಲ್ಪ ಕೊತ್ತಂಬರಿ ಸೊಪ್ಪಿನೊಂದಿಗೆ ನುಣ್ಣಗೆ ರುಬ್ಬಿ, ಮೇಲೆ ಹೇಳಿದಂತೆ ತನ್ನ ನೀರಿನಲ್ಲೇ ಬೆಂದ ಕುಂಬಳಕ್ಕೆ ಬೆರೆಸಿ, ಬೇಳೆಯ ಹಸಿವಾಸನೆ ಹೋಗುವವರೆಗೆ ಐದಾರು ನಿಮಿಷ ಕುದಿಸಬೇಕು. ಅನಂತರ ಉರಿ ತಗ್ಗಿಸಿ, ಕಡೆದಿಟ್ಟ ಒಂದೂವರೆ ಬಟ್ಟಲು ಗಟ್ಟಿ ಹುಳಿಮೊಸರನ್ನು ಸುರಿದು, ಪಾತ್ರೆಯ ಅಂಚಿನಲ್ಲಿ ಮೊದಲ ಗುಳ್ಳೆಗಳು ಏಳುವವರೆಗೆ ಸೌಟಾಡಿಸುತ್ತಲೇ ಇದ್ದು, ಗುಳ್ಳೆ ಕಂಡೊಡನೆ ಇಳಿಸಬೇಕು. ಮಜ್ಜಿಗೆಹುಳಿ ಒಡೆಯುತ್ತದೆಂದು ದೂರುವವರು ಸಾಮಾನ್ಯವಾಗಿ ಕಡಲೆಬೇಳೆಯನ್ನು ಬಿಟ್ಟಿರುತ್ತಾರೆ, ಇಲ್ಲವೇ ಮೊಸರು ಬಿದ್ದ ಮೇಲೂ ಕೊತಕೊತ ಕುದಿಸಿರುತ್ತಾರೆ. ಬೇಳೆಯಲ್ಲಿರುವ ಪಿಷ್ಟ ಮೊಸರಿನ ಪ್ರೋಟೀನು ಗಂಟುಕಟ್ಟಿಕೊಳ್ಳದಂತೆ ತಡೆಯುತ್ತದೆಯಾದರೂ ಬಹಳ ಹೊತ್ತಿನ ಕುದಿತವನ್ನು ಅದೂ ತಡೆಯಲಾರದು. ಮೊಸರು ತೆಳ್ಳಗಿದ್ದರೆ ಇಷ್ಟೆಲ್ಲ ಶ್ರಮ ವ್ಯರ್ಥ. ಸಾಸಿವೆ, ಇಂಗು, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆ ಇಳಿಸಿದ ಮೇಲೆ.

ಪಲ್ಯದ ದಾರಿ ಇದಕ್ಕೆ ತದ್ವಿರುದ್ಧ. ಅಲ್ಲಿ ನೀರು ಆವಿಯಾಗಿ ಹೋಗಬೇಕಾದ್ದರಿಂದ ಅಗಲವಾದ ಬಾಣಲೆ ಬೇಕು, ಉರಿ ದೊಡ್ಡದಿರಬೇಕು, ಮುಚ್ಚಳ ಬೇಡ, ಉಪ್ಪನ್ನು ಕೊನೆಗೆ ಹಾಕಬೇಕು. ಉಪ್ಪು ಮೊದಲೇ ಬಿದ್ದರೆ ಹೋಳು ನೀರುಗಾರಿ, ಹುರಿಯುವ ಬದಲು ಬೇಯತೊಡಗುತ್ತದೆ. ಸಿಹಿಗುಂಬಳವನ್ನು ಬೆರಳ ದಪ್ಪದ ತುಂಡುಗಳಾಗಿ ಹೆಚ್ಚಿ, ಬಾಣಲೆಯಲ್ಲಿ ಒಂದೇ ಪದರವಾಗಿ ಹರಡಿ, ಎರಡು ನಿಮಿಷ ಕೈಹಾಕದೆ ಬಿಟ್ಟರೆ ಅಡಿಭಾಗ ಕೆಂಪಗಾಗಿ ಅದರ ಸಿಹಿಗೆ ಒಂದು ಘನತೆ ಬರುತ್ತದೆ. ಆ ಸಿಹಿಯನ್ನು ತೂಗಿಸಲು ಖಾರ ಒಂದು ಕೈ ಮುಂದಿರಲಿ. ಜೋಳದ ರೊಟ್ಟಿಗೆ ಇದು ಬಲು ಸೊಗಸು. ಹೀರೆಕಾಯಿಗೂ ಇದೇ ನಿಯಮ. ಹೆರೆದ ಸಿಪ್ಪೆಯನ್ನು ಮಾತ್ರ ಎಸೆಯದೆ ಹುರಿದು ಚಟ್ನಿಗೆ ಬಳಸಿ.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಕನ್ನಡಿಗರಿಗೆ ಅಕ್ಟೋಬರಿನಲ್ಲಿ ಅಂಗಡಿಯ ಮುಂದೆ ರಾಶಿಬಿದ್ದ ಹ್ಯಾಲೋವೀನ್ ಕುಂಬಳ ಆಸೆ ಹುಟ್ಟಿಸಬಹುದು. ಅದು ಕೆತ್ತುವುದಕ್ಕೆಂದು ಬೆಳೆದದ್ದು, ನಾರುನಾರಾಗಿ ನೀರೇ ಹೆಚ್ಚಿರುತ್ತದೆ. ಹುಳಿಗೂ ಪಲ್ಯಕ್ಕೂ ಬಟರ್‌ನಟ್ ಸ್ಕ್ವಾಶ್ ಎಷ್ಟೋ ಮೇಲು. ಅದರಲ್ಲಿ ನೀರು ಕಡಿಮೆಯಿರುವುದರಿಂದ ಬೇಯಿಸುವಾಗ ಅರ್ಧ ಲೋಟ ನೀರು ಹೆಚ್ಚಿಗೆ ಬೇಕಾದೀತು.

ಉಳಿದದ್ದನ್ನು ಮರುದಿನ ಬಿಸಿಮಾಡುವಾಗ ನೀರು ಮತ್ತೆ ಕಾಣಿಸಿಕೊಳ್ಳುವುದು ಸಹಜ, ಏಕೆಂದರೆ ರಾತ್ರಿಯಿಡೀ ಹೋಳುಗಳು ಉಪ್ಪಿನೊಂದಿಗೆ ಕುಳಿತು ಇನ್ನಷ್ಟು ಒಸರಿರುತ್ತವೆ. ಹುಳಿಯನ್ನು ಮುಚ್ಚಳ ತೆಗೆದು ಒಂದು ಕುದಿ ಕುದಿಸಿದರೆ ಅದು ತಾನಾಗಿ ಹದಕ್ಕೆ ಬರುತ್ತದೆ. ಮಜ್ಜಿಗೆಹುಳಿಯನ್ನು ನೇರವಾಗಿ ಒಲೆಯ ಮೇಲಿಡದೆ, ಅದರ ಪಾತ್ರೆಯನ್ನು ಬಿಸಿನೀರಿನ ದೊಡ್ಡ ಪಾತ್ರೆಯೊಳಗೆ ಇಳಿಸಿ ಉಗುರುಬೆಚ್ಚಗೆ ಮಾಡಿಕೊಳ್ಳಬೇಕು.