ಏರಿನಲ್ಲಿ ನಿಂತ ಫೋರ್ಕ್‌ಲಿಫ್ಟ್ ಎಷ್ಟು ಆಂಪಿಯರ್ ಬೇಡುತ್ತದೆ?

ಬ್ಯಾಟರಿ ಕೇಬಲಿಗೆ ಕ್ಲ್ಯಾಂಪ್ ಮೀಟರ್ (ತಂತಿಯನ್ನು ಸುತ್ತುವರಿದು ಕರೆಂಟು ಅಳೆಯುವ ಸಾಧನ) ಹಾಕಿ, ಅದು ತೋರಿಸಿದ ಅಂಕಿ ನೋಡಿ ಮೋಟಾರ್ ಕಂಟ್ರೋಲರ್, ಅಂದರೆ ಬ್ಯಾಟರಿಗೂ ಮೋಟಾರಿಗೂ ನಡುವೆ ಕೂತು ಕರೆಂಟು ಹತೋಟಿಯಲ್ಲಿಡುವ ಪೆಟ್ಟಿಗೆ, ಆರಿಸುವವರಿದ್ದಾರೆ. ಮೋಟಾರಿನ ಫಲಕದಲ್ಲಿರುವ ಕಿಲೋವ್ಯಾಟನ್ನು 48 ವೋಲ್ಟಿನಿಂದ ಭಾಗಿಸಿ ಆಂಪಿಯರ್ ಕಂಡುಕೊಳ್ಳುವವರೂ ಇದ್ದಾರೆ. ಎರಡೂ ತಪ್ಪು. ಟಾರ್ಕ್, ಅಂದರೆ ತಿರುಗಿಸುವ ಬಲ, ಹುಟ್ಟುವುದು ಮೋಟಾರಿನ ಸುರುಳಿಯಲ್ಲಿ ಹರಿಯುವ ಕರೆಂಟಿನಿಂದ. ಆ ಕರೆಂಟು ಬ್ಯಾಟರಿಯಿಂದ ಹೊರಡುವ ಕರೆಂಟಿನ ಎಂಟು ಹತ್ತು ಪಟ್ಟು ಇರಬಹುದು.

ಒಂದು ಗಾಡಿ ತೆಗೆದುಕೊಳ್ಳಿ. ಹೊರೆ ಸೇರಿ 5,000 ಕಿಲೋ, ಚಕ್ರದ ತ್ರಿಜ್ಯ 25 ಸೆಂಟಿಮೀಟರ್, ಗೇರ್ ಅನುಪಾತ 20, ಹತ್ತಬೇಕಾದ ಏರು ಶೇ. 10. ಏರು ಹಿಂದಕ್ಕೆಳೆಯುವ ಬಲ ಸುಮಾರು 4,900 ನ್ಯೂಟನ್, ಚಕ್ರದ ಉರುಳು ಘರ್ಷಣೆ ಇನ್ನೊಂದು 980. ಗೇರಿನಲ್ಲಿ ಹತ್ತನೇ ಒಂದಂಶ ಸೋರಿದರೆ ಮೋಟಾರ್ ಕೊಡಬೇಕಾದ ಟಾರ್ಕ್ 82 ನ್ಯೂಟನ್ ಮೀಟರ್. ಒಂದು ಆಂಪಿಯರಿಗೆ 0.24 ನ್ಯೂಟನ್ ಮೀಟರ್ ಕೊಡುವ ಮೋಟಾರಾದರೆ, ಫೇಸ್ ಕರೆಂಟು (ಮೋಟಾರಿನ ಮೂರು ಸುರುಳಿಗಳಲ್ಲಿ ಒಂದೊಂದರ ಕರೆಂಟು) 340 ದಾಟುತ್ತದೆ, 350 ಎನ್ನೋಣ. ಏರಿನ ನಡುವೆ ನಿಂತ ಗಾಡಿಯನ್ನು ಅದರ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಹೆಚ್ಚುವಂತೆ ಮತ್ತೆ ಹೊರಡಿಸಬೇಕಾದರೆ 490ರ ಹತ್ತಿರ.

ಗಾಡಿ ಏರಿನಲ್ಲಿ ಇನ್ನೇನು ಹೊರಡಬೇಕು, ಆದರೂ ಅಲುಗದೆ ನಿಂತಿರುವ ಗಳಿಗೆಯನ್ನೇ ನೋಡಿ. ಚಕ್ರ ತಿರುಗುತ್ತಿಲ್ಲ, ಹೊರಗೆ ಬರುವ ಕೆಲಸ ಸೊನ್ನೆ. ಒಂದೊಂದು ಫೇಸಿಗೆ 5 ಮಿಲಿಓಮ್ ರೋಧವಿದ್ದರೆ 350 ಆಂಪಿಯರಿಗೆ ಮೂರೂ ಫೇಸ್ ಸೇರಿ ಸುರುಳಿಯಲ್ಲಿ ಬಿಸಿಯಾಗಿ ಹೋಗುವುದು 1,840 ವ್ಯಾಟ್. 48 ವೋಲ್ಟಿನ ಬ್ಯಾಟರಿಗೆ ಅದು ಬರೀ 38 ಆಂಪಿಯರ್. ಕ್ಲ್ಯಾಂಪ್ ಮೀಟರ್ ಕಾಣುವುದು ಈ 38ನ್ನು. ಕಂಟ್ರೋಲರಿನೊಳಗಿನ ಸಿಲಿಕಾನ್ ಸ್ವಿಚ್ಚುಗಳಾದ ಮಾಸ್‌ಫೆಟ್‌ಗಳು ಹೊರುತ್ತಿರುವುದು 350ನ್ನು.

ಇದು ಹೇಗೆ ಸಾಧ್ಯ? ಕಂಟ್ರೋಲರ್ ಕೊಡುವುದು ಚಿಲ್ಲರೆ. ಐನೂರರ ಒಂದು ನೋಟು ಕೊಟ್ಟರೆ ಹತ್ತರ ಐವತ್ತು ನೋಟು ಬರುತ್ತವೆ. ನೋಟುಗಳ ಸಂಖ್ಯೆ ಹೆಚ್ಚಿತು, ಹಣ ಅಷ್ಟೇ. ಹೆಚ್ಚು ವೋಲ್ಟಿನ ಕಡಿಮೆ ಕರೆಂಟು ಒಳಹೋಗಿ ಕಡಿಮೆ ವೋಲ್ಟಿನ ಹೆಚ್ಚು ಕರೆಂಟಾಗಿ ಹೊರಬರುತ್ತದೆ. ಸೈಕಲ್ಲಿನ ಗೇರು ಏರಿನಲ್ಲಿ ಮಾಡುವುದೂ ಇದನ್ನೇ. ಮಾಸ್‌ಫೆಟ್ ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುತ್ತದೆ. ಮುಚ್ಚಿದ ಹೊತ್ತಿನಲ್ಲಿ ಬ್ಯಾಟರಿಯಿಂದ ಏನೂ ಬರದಿದ್ದರೂ ಸುರುಳಿಯಲ್ಲಿ ಕರೆಂಟು ಸುತ್ತುತ್ತಲೇ ಇರುತ್ತದೆ, ಕೈಬಿಟ್ಟ ಬೀಸುಕಲ್ಲು ಒಂದೆರಡು ಸುತ್ತು ತಾನೇ ತಿರುಗುವ ಹಾಗೆ. 1891ರಲ್ಲಿ ಅಮೆರಿಕದ ಎಂಜಿನಿಯರ್ ಹ್ಯಾರಿ ವಾರ್ಡ್ ಲಿಯೊನಾರ್ಡ್ ಒಂದು ಮೋಟಾರಿನ ವೇಗ ಪಳಗಿಸಲು ಇನ್ನೊಂದು ಮೋಟಾರು, ಅದಕ್ಕೊಂದು ಜನರೇಟರು ಕಟ್ಟಿದ್ದು ಈ ಚಿಲ್ಲರೆಗಾಗಿಯೇ. ಟನ್‌ಗಟ್ಟಲೆ ಕಬ್ಬಿಣ ಮಾಡುತ್ತಿದ್ದ ಆ ಕೆಲಸವನ್ನು ಇವತ್ತು ಅಂಗೈಯಗಲದ ಸಿಲಿಕಾನ್ ಮಾಡುತ್ತದೆ. ಇದಕ್ಕಿಂತ ಸುಂದರವಾದ ಎಂಜಿನಿಯರಿಂಗ್ ಪ್ರಗತಿ ಅಪರೂಪ!

ಆದರೆ ಸಿಲಿಕಾನಿಗೆ ಕಬ್ಬಿಣದ ತಾಳ್ಮೆಯಿಲ್ಲ. 1 ಮಿಲಿಓಮ್ ದಾರಿಯಲ್ಲಿ 300 ಆಂಪಿಯರ್ ಹರಿದರೆ 90 ವ್ಯಾಟ್ ಬಿಸಿ, 600 ಹರಿದರೆ 360. ಆದ್ದರಿಂದ ಕಂಟ್ರೋಲರಿನ ಮೇಲೆ ದಪ್ಪಕ್ಷರದಲ್ಲಿರುವ 550 ಆಂಪಿಯರ್ ಸಾಮಾನ್ಯವಾಗಿ ಎರಡು ನಿಮಿಷದ ಮಾತು, ಅದೂ ತಣ್ಣಗಿನ ಸ್ಥಿತಿಯಿಂದ ಶುರುಮಾಡಿದರೆ. ಒಂದು ಗಂಟೆಯ ಅಂಕಿ ಅದರ ಅರ್ಧಕ್ಕಿಂತಲೂ ಕಡಿಮೆ ಇರುವುದುಂಟು. ಡೇಟಾಶೀಟಿನಲ್ಲಿ ಮೊದಲು ಹುಡುಕಬೇಕಾದ್ದು ಅದನ್ನೇ.

ಮೂರು ನಿಮಿಷದ ಒಂದು ಸುತ್ತಿನಲ್ಲಿ 30 ಸೆಕೆಂಡ್ 350 ಆಂಪಿಯರ್, ಉಳಿದ ಹೊತ್ತು 120 ಎಂದಾದರೆ, ಕರೆಂಟಿನ ವರ್ಗಗಳ ಸರಾಸರಿಯ ವರ್ಗಮೂಲ 180 (ಬಿಸಿ ಏರುವುದು ಕರೆಂಟಿನ ವರ್ಗದಂತೆ, ಅದಕ್ಕೇ ಈ ಲೆಕ್ಕ). ಒಂದು ಗಂಟೆಯ ಅಂಕಿ 200 ಆಂಪಿಯರ್ ಇರುವ ಕಂಟ್ರೋಲರಿಗೆ ಇದು ಸಲೀಸು. ಏರಿನಲ್ಲಿ ಕಳೆಯುವ ಹೊತ್ತು 90 ಸೆಕೆಂಡಿಗೆ ಹೋದರೆ ಅದು 262, ಮಿತಿ ಮೀರಿತು. ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ಅಡಿಭಾಗ) 85 ಡಿಗ್ರಿಯ ಆಸುಪಾಸು ಮುಟ್ಟುತ್ತಲೇ ಕಂಟ್ರೋಲರ್ ತಾನಾಗಿ ಕರೆಂಟು ಇಳಿಸತೊಡಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಗಾಡಿ ಏರು ಹತ್ತದೆ ಏದುಸಿರು ಬಿಟ್ಟರೆ ಬ್ಯಾಟರಿಯನ್ನು ದೂರುವ ಮುಂಚೆ ಕಂಟ್ರೋಲರಿನ ಅಡಿಯನ್ನು ನೋಡಿ. ಬಣ್ಣ ಬಳಿದ ತೆಳು ತಗಡಿನ ಮೇಲೆ ಕೂರಿಸಿದ್ದರೆ ಬಿಸಿಗೆ ಹೋಗಲು ದಾರಿಯೇ ಇರುವುದಿಲ್ಲ. ಬಣ್ಣ ಉಜ್ಜಿ ತೆಗೆದ ಸಮತಟ್ಟಾದ ದಪ್ಪ ಅಲ್ಯೂಮಿನಿಯಂ ಹಲಗೆ, ನಡುವೆ ತೆಳ್ಳಗೆ ಸವರಿದ ಥರ್ಮಲ್ ಪೇಸ್ಟ್ ಬೇಕು.

ಸೀಸದ ಬ್ಯಾಟರಿ ತೆಗೆದು ಲಿಥಿಯಂ ಹಾಕುವವರು ಇನ್ನೊಂದು ಅಂಕಿ ನೋಡಬೇಕು. 16 ಸೆಲ್ಲಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಪೂರ್ತಿ ತುಂಬಿದಾಗ 58.4 ವೋಲ್ಟ್. 48 ವೋಲ್ಟ್ ದರ್ಜೆಯ ಹಲವು ಕಂಟ್ರೋಲರ್‌ಗಳ ಮೇಲ್ಮಿತಿ 60ರ ಆಸುಪಾಸು. ಬೆಳಗ್ಗೆ ಚಾರ್ಜರ್ ಕಿತ್ತು ಹೊರೆ ಸಮೇತ ಇಳಿಜಾರಿನಲ್ಲಿ ಬಂದರೆ ಮೋಟಾರ್ ಜನರೇಟರ್ ಆಗಿ ವಾಪಸ್ ತಳ್ಳುವ ಕರೆಂಟಿಗೆ ಜಾಗವಿಲ್ಲ. ವೋಲ್ಟೇಜ್ ಏರುತ್ತದೆ, ಕಂಟ್ರೋಲರ್ ಬ್ರೇಕಿನ ಬಲ ಕಡಿಮೆ ಮಾಡುತ್ತದೆ. ಅದಕ್ಕೂ ಮೊದಲೇ ಬ್ಯಾಟರಿಯ ಬಿಎಂಎಸ್ (ಸೆಲ್ಲುಗಳನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಸಂಪರ್ಕ ಕಡಿದರೆ ಕಥೆ ಇನ್ನೂ ಕೆಟ್ಟದು: ಬರುವ ಕರೆಂಟಿಗೆ ಉಳಿಯುವುದು ಕಂಟ್ರೋಲರಿನ ಕೆಪ್ಯಾಸಿಟರ್ ಮಾತ್ರ, ಅದು ಕ್ಷಣದಲ್ಲಿ ಮಿತಿ ದಾಟಿ ಮಾಸ್‌ಫೆಟ್‌ಗಳನ್ನು ಕೊಲ್ಲುತ್ತದೆ. ಬಿಎಂಎಸ್ ಕ್ಯಾನ್ ಬಸ್ (ಉಪಕರಣಗಳು ಒಂದಕ್ಕೊಂದು ಸಂದೇಶ ಕಳಿಸುವ ತಂತಿ) ಮೂಲಕ ಮೊದಲೇ ಎಚ್ಚರಿಸಿದಾಗ ವಾಪಸ್ ಕರೆಂಟನ್ನು ಇಳಿಸಬಲ್ಲ ಕಂಟ್ರೋಲರನ್ನೇ ಆರಿಸಿ. ಇಳಿಜಾರಿಗೆ ಮೆಕ್ಯಾನಿಕಲ್ ಬ್ರೇಕು ಒಂದೇ ಸಾಕಾಗುವಂತಿರಲಿ.